ಬಾಗಿಲಿಗೆ ಇಟ್ಟ ಗುಂಡು

ಹೊಳೆಯ ದಂಡೆಯ ಮೇಲೆ ಮುಪ್ಪಿನಜ್ಜನ ಆಶ್ರಮ. ಅಲ್ಲಿ ಧ್ಯಾನವಿತ್ತು, ಪಾಠವಿತ್ತು, ದಾಸೋಹವಿತ್ತು. ಜೊತೆಗೆ ಒಂದು ಬೌಲಿಂಗ್ ಹಲಗೆಯೂ ಇತ್ತು.

ನಗಬೇಡಿ. ಅದು ಬಂದ ಬಗೆ ಹೀಗೆ.

ಪೇಟೆಯಲ್ಲಿ ಬೌಲಿಂಗ್ ಆಟದ ಮನೆ ನಡೆಸುತ್ತಿದ್ದ ಭಕ್ತರೊಬ್ಬರಿಗೆ ವಯಸ್ಸಾಯಿತು. ಆಟದ ಮನೆ ಮುಚ್ಚಿದರು. ಅರುವತ್ತಡಿ ಉದ್ದದ ಮರದ ಹಾಸು, ಹತ್ತು ಪಿನ್ನು, ಹದಿನಾಲ್ಕು ಗುಂಡು, ಎಲ್ಲವನ್ನೂ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದು ಅಜ್ಜನ ಮುಂದೆ ಇಳಿಸಿದರು.

“ಅಜ್ಜಾರ, ಇದನ್ನ ಯಾರಿಗರ ಕೊಡಾಕ ಮನಸ್ಸು ಬರವಲ್ದು. ನಿಮ್ಮಲ್ಲಿ ಇರಲಿ.”

“ಇದರಿಂದ ಏನ್ ಮಾಡ್ತಾರಪಾ?” ಎಂದರು ಅಜ್ಜ.

“ಗುಂಡು ಉರುಳಿಸಿ ಆ ಗೊಂಬಿ ಕೆಡವತಾರ್ರಿ.”

“ಕೆಡವಿದ ಮ್ಯಾಲ?”

“ಮತ್ತ ನಿಲ್ಲಸ್ತಾರ್ರಿ.”

ಅಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕರು. “ಸಂಸಾರ ಬಿಟ್ಟು ಬಂದವರಿಗೆ ಇದಕ್ಕಿಂತ ಚಲೋ ಕೆಲಸ ಎಲ್ಲಿ ಸಿಗಬೇಕು? ಇಳಿಸ್ರಿ, ಇಳಿಸ್ರಿ.”

ಹಾಗೆ ಹಲಗೆ ಬಂದು ತಗಡಿನ ಚಾವಡಿಯೊಳಗೆ ಮಲಗಿತು. ಪಿನ್ನುಗಳನ್ನು ಆಶ್ರಮದವರು ಗೊಂಬೆ ಎಂದೇ ಕರೆದರು. ಹಲಗೆಯ ಎರಡೂ ಬದಿಗೆ ಕಾಲುವೆ. ಗುಂಡು ಅದರೊಳಗೆ ಬಿತ್ತೋ, ಆ ಸಲದ ಕಥೆ ಮುಗಿಯಿತು. ಒಂದು ಸರದಿಗೆ ಎರಡು ಸಲ ಉರುಳಿಸಬಹುದು. ಬಿದ್ದ ಗೊಂಬೆ ಎಷ್ಟೋ ಅಷ್ಟು ಲೆಕ್ಕ.

ಹದಿಮೂರು ಗುಂಡುಗಳು ಚಾವಡಿಯ ಅಟ್ಟಣಿಗೆಯಲ್ಲಿ ಸಾಲಾಗಿ ಕೂತವು. ದನಕ್ಕೆ ಇಡುವಂತೆ ಒಂದೊಂದಕ್ಕೂ ಹೆಸರಿಟ್ಟರು. ದೊಡ್ಡ ಕಪ್ಪು ಗುಂಡು ಕರಿಯ, ಕೆಂಪಿನದು ಕೆಂಪಿ.

ಹದಿನಾಲ್ಕನೆಯದು ಹಳದಿ. ಗಾಜಿನಂತೆ ನುಣುಪು. ಯಾರು ಎಷ್ಟು ಕೈ ತಿರುಚಿ ಬಿಟ್ಟರೂ ಅದು ಒಂದಿಷ್ಟೂ ತಿರುಗದು. ಮೊದ್ದು ಗುಂಡು ಎಂದು ಅದನ್ನು ಅಡುಗೆಮನೆಗೆ ಒಯ್ದರು. ಹೊಳೆಯ ಗಾಳಿಗೆ ಅಡುಗೆಮನೆಯ ಬಾಗಿಲು ದಿನವಿಡೀ ಬಡಿದುಕೊಳ್ಳುತ್ತಿತ್ತು. ಗುಂಡು ಅಡ್ಡ ಇಟ್ಟ ಮೇಲೆ ಬಾಗಿಲು ಸುಮ್ಮನಾಯಿತು. ಆ ಗುಂಡಿಗೆ ಹೆಸರಿಡುವ ಗೋಜಿಗೂ ಯಾರೂ ಹೋಗಲಿಲ್ಲ.

ಆಚೆ ದಂಡೆಯ ಮಠದವರು ಬಂದು ಆಟ ನೋಡಿದರು. ಹೊಟ್ಟೆಕಿಚ್ಚು ತಡೆಯಲಾರದೆ ತಾವೂ ಒಂದು ಹಲಗೆ ಹಾಕಿಸಿಕೊಂಡರು. ವರ್ಷಕ್ಕೊಮ್ಮೆ ಮಾಘದ ಭಾರತ ಹುಣ್ಣಿಮೆಯ ದಿನ ಪಂದ್ಯ ಎಂದು ಮಾತಾಯಿತು. ಪಣಕ್ಕೆ ಏನು?

“ನಮ್ಮ ಊಟದ ಗಂಟಿ,” ಎಂದುಬಿಟ್ಟರು ಮುಪ್ಪಿನಜ್ಜ.

ಗೆದ್ದವರ ಕಡೆ ವರ್ಷವಿಡೀ ಗಂಟೆ. ಸಮವಾದರೆ ಇದ್ದಲ್ಲೇ ಇರಬೇಕು. ಒಂದೇ ಕಡೆಯವರು ಸತತ ಮೂರು ವರ್ಷ ಒಯ್ದರೆ ಗಂಟೆ ಅವರದೇ.

ಎರಡು ವರ್ಷ ಆಚೆ ದಂಡೆಯವರೇ ಗೆದ್ದರು. ಎರಡು ವರ್ಷವೂ ಕೊನೆಯ ಗುಂಡು ಉರುಳಿಸಿದವಳು ಆಶ್ರಮದ ದಾನಮ್ಮ. ಎರಡು ವರ್ಷವೂ ಅದು ನೆಟ್ಟಗೆ ಕಾಲುವೆಗೆ ಬಿತ್ತು.

ಮೊದಲ ಸಲ ಸೋತಂದಿನಿಂದ ಆಶ್ರಮದಲ್ಲಿ ಊಟಕ್ಕೆ ಗಂಟೆಯ ಬದಲು ಫಕೀರಪ್ಪ ತಾಟು ಬಡಿಯುತ್ತಿದ್ದ. ಆಚೆ ದಂಡೆಯವರು ಊಟಕ್ಕೆ ಕೂರುವುದು ಅರ್ಧ ತಾಸು ಮೊದಲು. ಗಂಟೆಯ ದನಿ ಹೊಳೆ ದಾಟಿ ಬರುತ್ತಿತ್ತು, ಈ ದಂಡೆಯವರ ಬಾಯಲ್ಲಿ ನೀರು ಬರುತ್ತಿತ್ತು, ಅನ್ನ ಮಾತ್ರ ಇನ್ನೂ ಒಲೆಯ ಮೇಲೇ ಇರುತ್ತಿತ್ತು. ಎಲ್ಲರೂ ನಗುತ್ತಿದ್ದರು. ದಾನಮ್ಮ ಮಾತ್ರ ತಲೆ ತಗ್ಗಿಸಿಕೊಂಡು ಉಣ್ಣುತ್ತಿದ್ದಳು. ತಾಟಿನ ಒಂದೊಂದು ಪೆಟ್ಟೂ ಅವಳ ಎದೆಗೇ ಬೀಳುತ್ತಿತ್ತು.

ದೀಪಾವಳಿ ಕಳೆದ ಮರುದಿನ ಅವಳು ಅಜ್ಜನ ಮುಂದೆ ಬಂದು ಕೂತಳು.

“ಅಜ್ಜಾರ, ಈ ಸಲ ಕಡೀ ಗುಂಡು ಬ್ಯಾರೇದವರಿಗೆ ಕೊಡ್ರಿ.”

“ಕಡೀ ಗುಂಡು ನಿಂದ.”

“ಈ ಸಲನೂ ಸೋತ್ರ ಗಂಟಿ ಕಾಯಮ್ಮಾಗಿ ಹೋಗತೈತ್ರಿ.”

“ಹೋಗತೈತಿ.”

ದಾನಮ್ಮ ನಿಟ್ಟುಸಿರು ಬಿಟ್ಟಳು. “ಹಂಗಾದ್ರ ಒಂದು ಹೇಳ್ರಿ. ಎಲ್ಲಾದ್ರಾಗ ಚಲೋ ಗುಂಡು ಯಾವದ್ರಿ?”

“ನೀ ಯಾವದು ಹಿಡೀತಿದ್ದಿ?”

“ಕರಿಯನ್ನ. ಫಕೀರಣ್ಣ ಅದರಾಗ ಆಡಿದಾಗೆಲ್ಲಾ ಹತ್ತಕ್ಕ ಹತ್ತು ಕೆಡವತಾನ್ರಿ.”

ಫಕೀರಪ್ಪ ಆಶ್ರಮಕ್ಕೆ ಬರುವ ಮೊದಲು ಹಮಾಲಿ ಮಾಡುತ್ತಿದ್ದವ. ಎರಡು ಚೀಲ ಜೋಳ ಒಟ್ಟಿಗೆ ಹೊರುತ್ತಿದ್ದ ಆಳು.

ಅಜ್ಜ ಅತ್ತಿತ್ತ ನೋಡಿದರು. “ಫಕೀರಪ್ಪನ ಚಪ್ಪಲಿ ಅಲ್ಲಿ ಅದಾವ. ಅವನ್ನ ಮೆಟ್ಟಿಕೊಂಡು ಹೊಳಿಗೆ ಹೋಗಿ ಒಂದು ಕೊಡ ನೀರು ತಾ.”

ದಾನಮ್ಮನ ಎರಡೂ ಪಾದ ಒಂದೇ ಚಪ್ಪಲಿಯಲ್ಲಿ ಹಿಡಿಸುತ್ತಿದ್ದವು. ಗುರುವಿನ ಮಾತು, ಮೆಟ್ಟಿಕೊಂಡು ಹೋದಳು.

ತಿರುಗಿ ಬಂದಾಗ ಕೊಡದಲ್ಲಿ ಅರ್ಧ ನೀರು, ಸೀರೆಯಲ್ಲಿ ಅರ್ಧ ನೀರು. ಕೈಯಲ್ಲಿ ಒಂದೇ ಚಪ್ಪಲಿ.

“ನನ್ನ ಎಡಗಾಲಿಂದು ಎಲ್ಲಿ?” ಎಂದು ಫಕೀರಪ್ಪ ಕೂಗಿದ.

“ಹೊಳಿ ಹಿಡಕೊಂಡು ಹೋತು ಅಣ್ಣಾ.”

ಅಜ್ಜ ಗಂಭೀರವಾಗಿ ಕೇಳಿದರು: “ಯಾಕವ್ವಾ, ಚಪ್ಪಲಿ ಚಲೋ ಇರಲಿಲ್ಲೇನು?”

“ಚಲೋನ ಅದಾವ್ರಿ. ಫಕೀರಣ್ಣಗ.”

ಅಷ್ಟು ಹೇಳಿದವಳು ಕೊಡ ಕೆಳಗಿಟ್ಟಳು. ಒದ್ದೆ ಸೀರೆಯಲ್ಲೇ ಚಾವಡಿಗೆ ಓಡಿದಳು. ಅಟ್ಟಣಿಗೆಯ ಒಂದೊಂದೇ ಗುಂಡಿನಲ್ಲಿ ಹಿಡಿಯಲೆಂದು ಕೊರೆದ ತೂತಿಗೆ ಬೆರಳು ತೂರಿಸಿ, ಎತ್ತಿ, ತೂಗಿ ನೋಡಿದಳು. ಕರಿಯನ ತೂತಿನಲ್ಲಿ ಅವಳ ಬೆರಳು ಗಡಿಗೆಯೊಳಗಿನ ಸೌಟಿನಂತೆ ಅಲ್ಲಾಡುತ್ತಿತ್ತು. ಎರಡು ವರ್ಷ ಅದನ್ನು ಗಟ್ಟಿಯಾಗಿ ಅಮುಕಿ ಹಿಡಿದೇ ಅವಳ ಬೆರಳು ಬಾತುಕೊಂಡಿದ್ದವು. ಕೆಂಪಿಯ ತೂತಿನಲ್ಲಿ ಬೆರಳು ಸುಮ್ಮನೆ ಹೋಗಿ ಕೂತವು.

ಕೆಂಪಿಯ ಜೊತೆ ಹೊಸ ತೊಂದರೆ ಸುರುವಾಯಿತು. ನೆಟ್ಟಗೆ ಬಿಟ್ಟರೂ ಗುಂಡು ಕೊನೆಯಲ್ಲಿ ಎಡಕ್ಕೆ ಹೊರಳುತ್ತಿತ್ತು.

“ಅಜ್ಜಾರ, ಬಿಡೂ ಹೊತ್ತಿನಾಗ ನನ್ನ ಕೈ ತಾನ ತಿರಗತೈತ್ರಿ. ಹ್ಯಾಂಗ ತಿದ್ದಲಿ?”

“ಇವತ್ತು ರೊಟ್ಟಿ ತಟ್ಟಿದಾಕಿ ಯಾರು?”

“ನಾನ ರಿ.”

“ದುಂಡಗಿದ್ವು. ಹ್ಯಾಂಗ ತಟ್ಟತಿ, ತೋರಸು.”

ದಾನಮ್ಮ ಗಾಳಿಯಲ್ಲೇ ತಟ್ಟಿ ತೋರಿಸಿದಳು. ಬಡಿತ ಬಡಿತಕ್ಕೂ ಕೈ ತಾನಾಗಿ ತಿರುಗುತ್ತಿತ್ತು. ಹತ್ತನೇ ವಯಸ್ಸಿನಿಂದ ತಿರುಗಿದ ಕೈ.

“ಅದನ್ನ ತಿದ್ದಿದ್ರ ನಾಳಿ ನಮಗ ರೊಟ್ಟಿ ಯಾರು ಮಾಡವರು?” ಎಂದು ಅಜ್ಜ ಎದ್ದು ಹೋದರು.

ಮರುದಿನದಿಂದ ಅವಳು ಕೈ ತಿದ್ದುವುದನ್ನು ಬಿಟ್ಟಳು. ಬಲಕ್ಕೆ ಗುರಿಯಿಟ್ಟು ಬಿಟ್ಟಳು. ಕೆಂಪಿ ಬಲಕ್ಕೆ ಹೋಗಿ, ಕೊನೆಯಲ್ಲಿ ಸೊಂಟ ತಿರುವಿ, ಗೊಂಬೆಗಳ ನಡುವೆ ನುಗ್ಗಿತು. ಹತ್ತೂ ಮಲಗಿದವು. ದಾನಮ್ಮ ಕುಣಿದಳು. ಫಕೀರಪ್ಪ ತಾನೂ ಕುಣಿದ. ಅವನ ಕಾಲಲ್ಲಿ ಆಗ ಒಂದೇ ಚಪ್ಪಲಿ.

ಆದರೆ ಆ ಕುಣಿತ ಬೆಳಗಿನದು. ಮಧ್ಯಾಹ್ನ ಅದೇ ಕೆಂಪಿ, ಅದೇ ಕೈ, ಅದೇ ಗುರಿ. ಗುಂಡು ಅರ್ಧದಲ್ಲೇ ತಿರುಗಿ ಎಡಗಡೆಯ ಕಾಲುವೆಗೆ ಹಾರಿತು.

“ಅಜ್ಜಾರ, ಮುಂಜಾನೆ ಒಂದು ನಮೂನಿ, ಮಧ್ಯಾಹ್ನ ಒಂದು ನಮೂನಿ. ಈ ಗುಂಡಿನ ಬುದ್ಧಿನ ಸರಿ ಇಲ್ರಿ. ಬ್ಯಾರೇ ಗುಂಡು ಹೇಳ್ರಿ.”

ಅಜ್ಜ ಅವಳ ಕೈಗೆ ಎಣ್ಣೆಯ ಅರಿವೆ ಕೊಟ್ಟರು.

ಹಲಗೆಗೆ ದಿನಾ ಬೆಳಿಗ್ಗೆ ಎಣ್ಣೆ ಹಚ್ಚುವ ಪದ್ಧತಿ. ಆಟದ ಮನೆಯವರು ಕೊಟ್ಟ ಡಬ್ಬಿ ಖಾಲಿಯಾದ ಮೇಲೆ ಶೇಂಗಾ ಎಣ್ಣೆ. ಗುಂಡು ಬಿಡುವ ಕಡೆಯಿಂದ ನಲವತ್ತಡಿ ಎಣ್ಣೆ, ಗೊಂಬೆಗಳ ಹತ್ತಿರದ ಇಪ್ಪತ್ತಡಿ ಒಣ. ಅಲ್ಲಿಯವರೆಗೆ ಅದು ಫಕೀರಪ್ಪನ ಕೆಲಸ. ಯಾಕೆ ಹಚ್ಚಬೇಕೆಂದು ಅವನೂ ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ.

“ಇನ್ನು ಮ್ಯಾಲ ಎಣ್ಣಿ ನೀ ಹಚ್ಚು. ಸಂಜಿಕ ಒರಸು.”

ಅಂದು ಸಂಜೆ ಅಜ್ಜ ಕೇಳಿದರು: “ಹಲಗಿ ಹ್ಯಾಂಗೈತಿ?”

“ಚಲೋ ಐತ್ರಿ.”

ಮರುದಿನ ಸಂಜೆ: “ಹಲಗಿ ಹ್ಯಾಂಗೈತಿ?”

“ನಿನ್ನಿ ಇದ್ದಂಗ ಐತ್ರಿ.”

ಅಜ್ಜ ಕೇಳುವುದನ್ನು ಬಿಡಲಿಲ್ಲ. ದಾನಮ್ಮನಿಗೆ ಸಿಟ್ಟು ಬರುತ್ತಿತ್ತು, ನಗು ಬರುತ್ತಿತ್ತು, ಮತ್ತೆ ಸಿಟ್ಟು ಬರುತ್ತಿತ್ತು. ಹಲಗೆಗೂ ದಿನಾ ಕ್ಷೇಮ ಸಮಾಚಾರ ಕೇಳುವುದುಂಟೇ? ಆದರೂ ಉತ್ತರ ಕೊಡಬೇಕಲ್ಲ ಎಂದು ಮಂಡಿಯೂರಿ, ಅಂಗೈ ಊರಿ ನೋಡತೊಡಗಿದಳು.

ಒಂದು ತಿಂಗಳಾದ ಮೇಲೆ ಒಂದು ಸಂಜೆ ಅಜ್ಜ ಕೇಳಿದಾಗ ಅವಳು ಉಸಿರು ಬಿಡದೆ ಹೇಳಿದಳು.

“ಬಲಗಡಿ ಏಳನೇ ಪಟ್ಟಿ ಪೂರಾ ಒಣಗೈತ್ರಿ, ಎಲ್ಲಾರೂ ಅದರ ಮ್ಯಾಲೆ ಬಿಟ್ಟಾರ. ನಡುವ ಇನ್ನೂ ಜಿಡ್ಡೈತಿ. ಎಣ್ಣಿ ಇದ್ದಲ್ಲಿ ಗುಂಡು ಜಾರತೈತ್ರಿ, ಒಣಗಿದ್ದಲ್ಲಿ ಹಲಗಿ ಹಿಡದು ತಿರಗತೈತಿ. ಮುಂಜಾನಿ ಎಣ್ಣಿ ಇರತೈತಿ, ಅದಕ್ಕ ಕೆಂಪಿ ತಡಾ ಮಾಡಿ ತಿರಗತಾಳ. ಮಧ್ಯಾಹ್ನ ಎಣ್ಣಿನ ಇರೂದಿಲ್ಲ, ಪಾಪ, ಆಕಿ ಏನ್ ಮಾಡ್ಯಾಳು?”

ಅಜ್ಜ ತಲೆಯಾಡಿಸಿದರು. ಆ ಪ್ರಶ್ನೆಯನ್ನು ಅವರು ಮತ್ತೆಂದೂ ಕೇಳಲಿಲ್ಲ.

ಇಷ್ಟು ತಿಳಿದ ಮೇಲೂ ಒಂದು ಮುಳ್ಳು ಉಳಿದಿತ್ತು. ತಾನೇ ಕೈಯಾರೆ ಎಣ್ಣೆ ಹಚ್ಚಿದ ಹಲಗೆಯ ಮೇಲೂ ಕೆಲವು ಸಲ ಕೆಂಪಿ ಬೇಗನೆ ತಿರುಗುತ್ತಿತ್ತು. ಅದೂ ದಾನಮ್ಮ ಬಹಳ ಶ್ರದ್ಧೆಯಿಂದ ಬಿಟ್ಟಾಗಲೇ.

ಆಶ್ರಮದಲ್ಲಿ ಗುಂಡು ಎತ್ತುವ ಮೊದಲು ಅದಕ್ಕೆ ವಿಭೂತಿ ಹಚ್ಚುತ್ತಿದ್ದರು. ಆಯುಧಪೂಜೆಯ ದಿನ ಫಕೀರಪ್ಪ ಸುರುಮಾಡಿದ್ದು ಹಾಗೇ ನಿತ್ಯದ ರೂಢಿಯಾಗಿತ್ತು. ಉಳಿದವರು ಒಂದು ಬೆರಳು ಎಳೆದರೆ ದಾನಮ್ಮ ಮೂರು ಬೆರಳು ಎಳೆಯುತ್ತಿದ್ದಳು. ಗಂಟೆ ಕಳೆದವಳಲ್ಲವೇ, ಅವಳ ಭಕ್ತಿ ಎಲ್ಲರಿಗಿಂತ ಒಂದು ಕೈ ಹೆಚ್ಚು. ಪಂದ್ಯದ ದಿನ ಗುಂಡಿನ ಬಣ್ಣವೇ ಕಾಣದಷ್ಟು ಬಳಿಯುತ್ತಿದ್ದಳು.

ಒಂದು ಬೆಳಿಗ್ಗೆ ಅವಳು ಎಣ್ಣೆ ಕೇಳಲು ಬಂದಾಗ ಅಜ್ಜ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದರು. ಕೈಯೆಲ್ಲ ಎಣ್ಣೆ. ಮುಚ್ಚಳ ಜಾರುತ್ತಿತ್ತು. ಒಮ್ಮೆ ತಿರುವಿದರು, ಜಾರಿತು. ಮತ್ತೊಮ್ಮೆ, ಮತ್ತೂ ಜಾರಿತು.

ಅಜ್ಜ ಪಕ್ಕದ ಒಲೆಯಿಂದ ಒಂದು ಚಿಟಿಕೆ ಬೂದಿ ತೆಗೆದು ಬೆರಳಿಗೆ ಸವರಿಕೊಂಡರು. ಮುಚ್ಚಳ ಹಿಡಿದು ತಿರುವಿದರು. ಟಪ್ ಎಂದು ಬಿಚ್ಚಿಕೊಂಡಿತು.

ದಾನಮ್ಮ ನೋಡುತ್ತಾ ನಿಂತಳು. ಎಣ್ಣೆ ತೆಗೆದುಕೊಂಡು ಚಾವಡಿಗೆ ಓಡಿ, ಹಲಗೆಗೆ ಹಚ್ಚಿ ಮುಗಿಸಿದಳು. ವಿಭೂತಿ ಬಳಿದು ಒಂದು ಸಲ ಬಿಟ್ಟಳು, ಕೆಂಪಿ ಅರ್ಧ ಹಾದಿಯಲ್ಲೇ ತಿರುಗಿತು. ಸೆರಗಿನಿಂದ ಚೆನ್ನಾಗಿ ಒರೆಸಿ ಇನ್ನೊಂದು ಸಲ ಬಿಟ್ಟಳು. ಗುಂಡು ನಲವತ್ತಡಿ ಜಾರಿ ಹೋಗಿ, ಎಲ್ಲಿ ತಿರುಗಬೇಕೋ ಅಲ್ಲೇ ತಿರುಗಿತು.

ಅವಳು ತಿರುಗಿ ಬಂದಾಗ ಮುಖ ಸಪ್ಪಗಾಗಿತ್ತು.

“ಅಜ್ಜಾರ, ಇಷ್ಟು ದಿನ ನನ್ನ ಭಕ್ತಿನ ಗುಂಡಿಗೆ ಅಡ್ಡ ಬರತಿತ್ತೇನ್ರಿ?”

“ಬೂದಿ ಬರತಿತ್ತು.”

“ವಿಭೂತಿ ಹಚ್ಚೂದು ತಪ್ಪೇನ್ರಿ?”

“ಹಣಿಗೆ ಹಚ್ಕೋ ಯವ್ವಾ. ಹಣಿ ಏನು ಉರುಳಬೇಕಾಗಿಲ್ಲಲ್ಲಾ.”

ದಾನಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಎರಡು ವರ್ಷದ ಮೇಲೆ ಅವಳು ಹಾಗೆ ನಕ್ಕದ್ದು ಅಂದೇ.

ಭಾರತ ಹುಣ್ಣಿಮೆ ಬಂತು. ಆಚೆ ದಂಡೆಯವರು ಹರಿಗೋಲಿನಲ್ಲಿ ಬಂದರು. ಮುಂದೆ ಅವರ ಹಿರಿಯ ಸಂಗಯ್ಯ, ಅವನ ತೊಡೆಯ ಮೇಲೆ ಗಂಟೆ. ಪಂದ್ಯಕ್ಕೆ ಗಂಟೆಯನ್ನು ತರಲೇಬೇಕೆಂಬ ನಿಯಮ. ಸಂಗಯ್ಯ ಅದನ್ನು ಹುಣಸೆಹಣ್ಣು ಹಾಕಿ ಫಳಫಳ ತಿಕ್ಕಿಸಿದ್ದ.

“ಇವತ್ತ ಕಣ್ಣ ತುಂಬ ನೋಡಿ ಬಿಡ್ರಿ,” ಎಂದ.

ಈ ದಂಡೆಗೆ ಫಕೀರಪ್ಪ ಮತ್ತು ದಾನಮ್ಮ. ಆ ದಂಡೆಗೆ ಸಂಗಯ್ಯ ಮತ್ತು ಅವನ ತಮ್ಮ. ಒಬ್ಬೊಬ್ಬರಿಗೆ ಹತ್ತು ಸರದಿ. ಹಲಗೆಗೆ ಬೆಳಿಗ್ಗೆ ದಾನಮ್ಮನೇ ಎಣ್ಣೆ ಹಚ್ಚಿದ್ದಳು.

ಕರಿಯ ಗುಡುಗಿದ, ಕೆಂಪಿ ಕುಣಿದಳು. ಆಚೆ ದಂಡೆಯವರೂ ಬಿಡಲಿಲ್ಲ. ಬಿಸಿಲು ಏರಿತು, ಎಣ್ಣೆ ಇಳಿಯಿತು. ಹಲಗೆ ಒಣಗಿದಂತೆಲ್ಲ ದಾನಮ್ಮ ನಿಲ್ಲುವ ಜಾಗ ಬದಲಿಸುತ್ತಾ ಹೋದಳು. ಮೊದಲು ಬಲಕ್ಕೆ ನಿಲ್ಲುತ್ತಿದ್ದವಳು ಸರಿದು ಸರಿದು ಎಡಕ್ಕೆ ಬಂದಳು. ಸಂಗಯ್ಯನ ನಗು ಸ್ವಲ್ಪ ಸಣ್ಣದಾಯಿತು.

ಎಲ್ಲರದೂ ಮುಗಿಯಿತು. ದಾನಮ್ಮನ ಕೊನೆಯ ಸರದಿ ಉಳಿಯಿತು. ಆಚೆ ದಂಡೆಯವರು ಒಂಬತ್ತು ಗೊಂಬೆ ಮುಂದಿದ್ದರು. ಒಂಬತ್ತು ಬಿದ್ದರೆ ಸಮ, ಸಮವಾದರೆ ಗಂಟೆ ಹೊಳೆ ದಾಟಿ ಹೋಗುವುದು, ಮತ್ತೆ ಬರುವುದಿಲ್ಲ. ಹತ್ತೂ ಬೀಳಲೇಬೇಕು.

ಅವಳು ಕೆಂಪಿಯನ್ನು ಬಿಟ್ಟಳು. ಗುಂಡು ತಿರುಗಿ ನುಗ್ಗಿತು. ದಡಬಡ ಎಂದು ಒಂಬತ್ತು ಬಿದ್ದವು.

ಬಲಗಡೆಯ ಮೂಲೆಯಲ್ಲಿ ಒಂದೇ ಒಂದು ಗೊಂಬೆ ನಿಂತಿತು. ಅದರ ಮಗ್ಗುಲಲ್ಲೇ ಕಾಲುವೆ.

ಇನ್ನು ಒಂದೇ ಸಲ ಉರುಳಿಸುವುದು ಉಳಿದಿತ್ತು.

“ಕರಿಯನ್ನ ತಗೋ ತಂಗಿ,” ಎಂದ ಫಕೀರಪ್ಪ. “ತೂಕ ಐತಿ, ನೆಟ್ಟಗ ಹೋಗತಾನ.”

“ನಿನ್ನ ಕೈಯಾಗ ಹೋಗತಾನ ಅಣ್ಣಾ.”

“ಕೆಂಪಿನ್ನ?”

ದಾನಮ್ಮ ಮಂಡಿಯೂರಿ ಹಲಗೆಯ ಮೇಲೆ ಅಂಗೈ ಇಟ್ಟಳು. ಎಣ್ಣೆಯ ಪಸೆಯೂ ಇಲ್ಲ. ಕೆಂಪಿ ಬಲಮೂಲೆಗೆ ಹೋಗುವ ಬದಲು ಅರ್ಧಕ್ಕೇ ಎಡಕ್ಕೆ ತಿರುಗುತ್ತಾಳೆ. ತನ್ನ ಕೈಯೂ ತಿರುಗಿಸದೆ ಬಿಡುವುದಿಲ್ಲ. ಕೈ ತಿರುಗಿದರೂ ತಿರುಗದ, ಒಣ ಹಲಗೆಯನ್ನೂ ಹಿಡಿಯದ ಗುಂಡು ಬೇಕು.

ಅವಳು ಅಜ್ಜನ ಕಡೆ ನೋಡಿದಳು. ಅಜ್ಜ ಶೇಂಗಾ ಸುಲಿದು ತಿನ್ನುತ್ತಿದ್ದರು.

ದಾನಮ್ಮ ಎದ್ದಳು. ಸೆರಗು ಸಿಕ್ಕಿಸಿದಳು. ಚಾವಡಿಯಿಂದ ಹೊರಗೆ ಓಡಿದಳು.

“ಓಡಿ ಹೋದ್ಲು!” ಎಂದು ಆಚೆ ದಂಡೆಯವರು ಕೇಕೆ ಹಾಕಿದರು.

ಅಡುಗೆಮನೆಯ ಬಾಗಿಲು ಢಬ್ ಎಂದು ಬಡಿದುಕೊಂಡ ಸದ್ದು ಕೇಳಿತು. ದಾನಮ್ಮ ಹಳದಿ ಗುಂಡನ್ನು ಹಿಡಿದುಕೊಂಡು ಬಂದಳು. ಅದರ ಮೇಲೆ ಜೋಳದ ಹಿಟ್ಟು ಮೆತ್ತಿತ್ತು. ದಿನಾ ಕಸ ಗುಡಿಸುವಾಗ ಎತ್ತಿ ಇಡುತ್ತಿದ್ದ ಗುಂಡು. ಅವಳ ಬೆರಳಿಗೆ ಅದರ ತೂತು ಚೆನ್ನಾಗಿ ಗೊತ್ತಿತ್ತು.

“ಏನವ್ವಾ,” ಎಂದ ಸಂಗಯ್ಯ, “ಬಾಗಲಾ ಕಾಯೂದನ್ನ ತಂದಿ, ಒಲಿ ಗುಂಡು ಸಿಗಲಿಲ್ಲೇನು?”

ಎರಡೂ ದಂಡೆಯವರು ನಕ್ಕರು. ದಾನಮ್ಮನೂ ನಕ್ಕಳು. ನಗುತ್ತಲೇ ಗುಂಡಿನ ಹಿಟ್ಟನ್ನು ಸೆರಗಿನಿಂದ ಒರೆಸಿದಳು. ಫಕೀರಪ್ಪ ರೂಢಿಯಂತೆ ವಿಭೂತಿ ಚಾಚಿದ. ಅವಳು ಒಂದು ಬೆರಳು ಅದ್ದಿ ತನ್ನ ಹಣೆಗೆ ಹಚ್ಚಿಕೊಂಡಳು. ಆ ಬೆರಳನ್ನೂ ಸೆರಗಿಗೆ ಒರೆಸಿದಳು.

ಎಡತುದಿಗೆ ಹೋಗಿ ನಿಂತಳು. ಬಲಮೂಲೆಯ ಗೊಂಬೆಯನ್ನು ನೋಡಿದಳು. ಬಿಟ್ಟಳು.

ಕೈ ಎಂದಿನಂತೆ ತಿರುಗಿತು. ಹಳದಿ ಗುಂಡು ತಿರುಗಲಿಲ್ಲ. ಯಾವ ಅವಸರವೂ ಇಲ್ಲದೆ ಹಲಗೆಯನ್ನು ಓರೆಯಾಗಿ ದಾಟುತ್ತಾ, ಬಲಗಡೆಯ ಕಾಲುವೆಯ ಅಂಚಿಗೆ ಬಂತು. ಬಿತ್ತು ಎಂದು ಫಕೀರಪ್ಪ ಕಣ್ಣು ಮುಚ್ಚಿಕೊಂಡ. ಬೀಳಲಿಲ್ಲ. ಗೊಂಬೆಯ ಹೆಗಲಿಗೆ ಒಂಚೂರು ತಾಗಿತು.

ಗೊಂಬೆ ಆ ಕಡೆ ವಾಲಿತು, ಈ ಕಡೆ ವಾಲಿತು, ಯೋಚನೆ ಮಾಡಿತು, ಮಲಗಿತು.

ಆಮೇಲಿನ ಗದ್ದಲವನ್ನು ಹೇಳಿ ಪೂರೈಸುವುದಿಲ್ಲ. ಫಕೀರಪ್ಪ ದಾನಮ್ಮನನ್ನು ಜೋಳದ ಚೀಲದಂತೆ ಹೆಗಲ ಮೇಲೆ ಎತ್ತಿಕೊಂಡು ಚಾವಡಿ ಸುತ್ತಿದ. ಸಂಗಯ್ಯ ಎದ್ದು ಗಂಟೆಯನ್ನು ತನ್ನ ಕೈಯಾರೆ ದಾನಮ್ಮನಿಗೆ ಕೊಟ್ಟ.

“ತಗೋ ತಂಗಿ. ಹುಣಸಿಹಣ್ಣು ಹಾಕಿ ತಿಕ್ಕೂದು ಮರೀಬ್ಯಾಡ,” ಎಂದ.

ಗಂಟೆಯನ್ನು ಹಳೆಯ ಕೊಂಡಿಗೆ ತೂಗುಹಾಕಿದರು. ದಾನಮ್ಮ ಬಾರಿಸಿದಳು. ಊಟದ ಹೊತ್ತಾಗಿರಲಿಲ್ಲ, ಆದರೂ ಬಾರಿಸಿದಳು. ಬಾರಿಸುತ್ತಾ ಅತ್ತುಬಿಟ್ಟಳು. ಫಕೀರಪ್ಪ ಎರಡು ವರ್ಷ ಬಡಿದ ತಾಟನ್ನು ತಂದು ಅದರ ತುಂಬ ಹೋಳಿಗೆ ಇಟ್ಟುಕೊಂಡು ಎರಡೂ ದಂಡೆಯವರಿಗೆ ಹಂಚಿದ.

ಅಡುಗೆಮನೆಯ ಕಡೆಯಿಂದ ಢಬ್ ಎಂಬ ಸದ್ದು ಬರುತ್ತಲೇ ಇತ್ತು. ಆ ಸಡಗರದಲ್ಲಿ ಯಾರಿಗೆ ಕೇಳಬೇಕು?

ಫಕೀರಪ್ಪ ಒಂದು ಮಣೆ ತಂದ. ಮೇಲೆ ಹೊಸ ಬಟ್ಟೆ ಹಾಸಿದ. ಹಳದಿ ಗುಂಡನ್ನು ಅದರ ಮೇಲೆ ಕೂರಿಸಿ ಚೆಂಡುಹೂವಿನ ಮಾಲೆ ಹಾಕಿದ. ಹೆಸರೂ ಗೊತ್ತುಮಾಡಿದ್ದ: ಗಂಟೆ ಬಸವ. ಇನ್ನು ಮುಂದೆ ಅದು ದೇವರ ಕೋಣೆಯಲ್ಲೇ ಇರಬೇಕು, ವರ್ಷಕ್ಕೊಮ್ಮೆ ಪಂದ್ಯದ ದಿನ ಮಾತ್ರ ಹೊರಗೆ ಬರಬೇಕು ಎಂದು ಎಲ್ಲರೂ ಸೇರಿ ತೀರ್ಮಾನಿಸಿದರು.

ದಾನಮ್ಮ ಮಣೆಯನ್ನು ಎತ್ತಿಕೊಂಡು ಬಂದು ಅಜ್ಜನ ಮುಂದೆ ಇಟ್ಟಳು. ಅಡ್ಡಬಿದ್ದಳು. ಅವಳ ಮುಖ ಅರಳಿತ್ತು.

“ಅಜ್ಜಾರ, ಎಲ್ಲಾದ್ರಾಗ ಚಲೋ ಗುಂಡು ಯಾವದಂತ ಅವತ್ತು ಕೇಳಿದ್ನಿ. ನೀವು ಹೇಳಲಿಲ್ಲ. ಇವತ್ತು ನಾನ ಹುಡಿಕೀನ್ರಿ. ಇದ ನೋಡ್ರಿ. ಆಶೀರ್ವಾದ ಮಾಡ್ರಿ, ದೇವರ ಮುಂದ ಇಡತೀವಿ.”

ಅಜ್ಜ ಗುಂಡನ್ನು ನೋಡಿದರು, ಮಾಲೆಯನ್ನು ನೋಡಿದರು. ಕಿವಿಗೊಟ್ಟು ಏನನ್ನೋ ಕೇಳಿದರು. ಆಮೇಲೆ ಗುಂಡಿನ ಮೇಲಿನ ಮಾಲೆ ತೆಗೆದು ಅವಳ ಕೊರಳಿಗೆ ಹಾಕಿದರು.

“ದಾನವ್ವಾ, ಅಡಗಿಮನಿ ಬಾಗಲಾ ಆಗಿಂದ ಬಡಕೊಳ್ಳಾಕತ್ತೈತಿ. ಮೊದಲ ಇದನ್ನ ಅಲ್ಲಿ ಇಟ್ಟು ಬಾ.”